ಭಾನುವಾರದ ಕಾರು

"ಇದಕ್ಕೆ ಇಂಜೆಕ್ಷನ್ ಹಾಕ್ಸಿದ ದಿನ ನಾನು ಸತ್ತೆ ಅಂತ ತಿಳ್ಕೋ," ಎಂದ ಅಣ್ಣ.

"ಹಾಕಿಸ್ತಿರೋದು ಕಾರಿಗೆ. ನಿನಗೆ ಹಾಕ್ಸೋ ಹಾಗಿದ್ದಿದ್ರೆ ಇಷ್ಟು ವರ್ಷ ಕಾಯ್ತಿರ್ಲಿಲ್ಲ," ಎಂದಳು ತಂಗಿ.

ಗ್ಯಾರೇಜಿನವನು ನಕ್ಕ. ನಕ್ಕ ಮೇಲೆ ತಾನು ಯಾರ ಪಕ್ಷ ವಹಿಸಿದಂತಾಯಿತೋ ಎಂಬ ಅನುಮಾನ ಬಂದು ಆ ನಗುವನ್ನು ಕೆಮ್ಮಾಗಿ ಮುಗಿಸಿದ. ಕಾರಿಗೆ ಇಬ್ಬರು ಮಾಲೀಕರು, ಇಬ್ಬರೂ ಅವನ ಗಿರಾಕಿಗಳು. ಅವನ ಅಂಗಡಿಯಲ್ಲಿ ಎರಡೂ ಸರಕು ಸಿಗುತ್ತಿತ್ತು. ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಹಳೆಯ ಕಾರ್ಬುರೇಟರ್ ರಿಪೇರಿಗೆ ಬೇಕಾದ ವಾಷರು, ಸ್ಪ್ರಿಂಗುಗಳು ಗೋಡೆಯ ಡಬ್ಬಗಳಲ್ಲಿದ್ದವು. ಅದರ ಬದಲಿಗೆ ಹಾಕುವ ಇಂಜೆಕ್ಷನ್ನಿನ ಸಾಮಾನು ಬೆಂಚಿನ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ಕಾದಿತ್ತು. ಹೋದ ವಾರ ತಂಗಿ ಬಂದು ಹೇಳಿದ ಮೇಲೆ ತರಿಸಿದ್ದು. ಅಣ್ಣ ಆ ಪೆಟ್ಟಿಗೆಯ ಕಡೆ ತಿರುಗಿ ಸಹ ನೋಡದೆ, ಬಾನೆಟ್ ಎತ್ತಿ ನಿಲ್ಲಿಸಿದ್ದ ಕಾರಿನ ಪಕ್ಕ ಕಾವಲಿಗೆ ನಿಂತವನಂತೆ ನಿಂತಿದ್ದ.

ಕಾರು ಅಪ್ಪನದು. ಸಾಯುವ ಮುಂಚೆ ಅಪ್ಪ ಅದನ್ನು ಇಬ್ಬರಿಗೂ ಸೇರಿಸಿ ಕೊಟ್ಟು, ಇಬ್ಬರೂ ಒಪ್ಪದೆ ಅದರ ಒಂದು ನಟ್ಟನ್ನೂ ಬಿಚ್ಚಕೂಡದೆಂದು ಮಾತು ತೆಗೆದುಕೊಂಡಿದ್ದ. ಮಕ್ಕಳು ಒಗ್ಗಟ್ಟಾಗಿರಲಿ ಎಂಬುದು ಅವನ ಆಸೆ. ಅಂದಿನಿಂದ ಅವರಿಬ್ಬರೂ ಜಗಳವಾಡುವುದಕ್ಕಾದರೂ ತಪ್ಪದೆ ಒಂದುಗೂಡುತ್ತಿದ್ದರು. ವಾರವಿಡೀ ಕಾರು ಅಣ್ಣನ ಮನೆಯ ಶೆಡ್ಡಿನಲ್ಲಿ ಹೊದ್ದು ಮಲಗಿರುತ್ತಿತ್ತು. ತಿಂಗಳಲ್ಲಿ ಎರಡು ಭಾನುವಾರ ಅವನಿಗೆ, ಎರಡು ಅವಳಿಗೆ. ಐದನೇ ಭಾನುವಾರ ಬಂದರೆ ಅದನ್ನು ಹಂಚಿಕೊಳ್ಳುವ ದಾರಿ ಕಾಣದೆ ಕಾರಿಗೇ ರಜೆ ಕೊಟ್ಟುಬಿಡುತ್ತಿದ್ದರು.

ಹೆಸರಿಗೆ ಎರಡು ಭಾನುವಾರ ತಂಗಿಯವು, ನಿಜಕ್ಕೆ ಎಲ್ಲವೂ ಅಣ್ಣನವೇ. ಯಾಕೆಂದರೆ ಕಾರು ಸ್ಟಾರ್ಟ್ ಆಗುತ್ತಿದ್ದುದು ಅವನೊಬ್ಬನ ಕೈಯಲ್ಲಿ. ಚೋಕನ್ನು ಎಷ್ಟು ಎಳೆಯಬೇಕು, ಆಕ್ಸಿಲರೇಟರನ್ನು ಎಷ್ಟು ಸಲ ಒತ್ತಿ ಎಷ್ಟು ಹೊತ್ತು ಬಿಡಬೇಕು, ಪೆಟ್ರೋಲಿನ ವಾಸನೆ ಯಾವ ಹದಕ್ಕೆ ಬಂದಾಗ ಕೀಲಿ ತಿರುಗಿಸಬೇಕು ಎಂಬುದೆಲ್ಲ ಅವನ ಬೆರಳ ತುದಿಯಲ್ಲಿತ್ತು. ಒಂದಿಷ್ಟು ಹೆಚ್ಚಾದರೆ ಪೆಟ್ರೋಲ್ ಉಕ್ಕುತ್ತಿತ್ತು, ಕಡಿಮೆಯಾದರೆ ಎಂಜಿನ್ ಮುಖ ತಿರುಗಿಸುತ್ತಿತ್ತು. ಹೇಳಿಕೊಡು ಎಂದರೆ, "ಹೇಳಿಕೊಟ್ರೆ ಬರೋ ಅಂಥದ್ದಲ್ಲ ಅದು," ಎನ್ನುತ್ತಿದ್ದ. ಹೀಗಾಗಿ ತನ್ನ ಪಾಲಿನ ಭಾನುವಾರ ಬೆಳಿಗ್ಗೆ ತಂಗಿ ಎರಡು ಬೀದಿ ನಡೆದು ಬಂದು, ಅಣ್ಣ ತಿಂಡಿ ಮುಗಿಸಿ, ಪೇಪರ್ ಮಡಿಸಿ, ಚಪ್ಪಲಿ ಹುಡುಕಿ, ಶೆಡ್ಡಿಗೆ ಬಂದು ಕೃಪೆ ಮಾಡುವ ತನಕ ಸೆರಗಿನ ತುದಿ ತಿರುಚುತ್ತ ನಿಂತಿರಬೇಕು. ಎಂಜಿನ್ ಗುರ್ ಎಂದ ಮೇಲೆ ಅವನು ಇಳಿದು, "ದಾರೀಲಿ ಎಲ್ಲೂ ಆಫ್ ಮಾಡಬೇಡ," ಎಂದು ಬಾಗಿಲು ಹಿಡಿದುಕೊಳ್ಳುವನು. ಆಫ್ ಮಾಡದೆ ಎಲ್ಲಿಗೆ ಹೋಗುವುದು? ಎಷ್ಟೋ ಭಾನುವಾರ ಅವಳು ಊರೆಲ್ಲ ಒಂದು ಸುತ್ತು ಹಾಕಿ, ಯಾರ ಮನೆಯ ಮುಂದೆಯೂ ಇಳಿಯದೆ ವಾಪಸಾಗಿದ್ದಳು.

ಅದನ್ನೂ ಸಹಿಸಬಹುದಿತ್ತು. ಸೇತುವೆಯ ಮೇಲಾದದ್ದನ್ನು ಸಹಿಸಲಾಗಲಿಲ್ಲ. ಅವಳ ಭಾನುವಾರವೇ ಅದು. ತಾನು ಕೆಲಸ ಮಾಡುವ ಆಸ್ಪತ್ರೆಯ ಗೆಳತಿಯೊಬ್ಬಳನ್ನು ಕೂರಿಸಿಕೊಂಡು ಹೊರಟಿದ್ದಳು. ಸೇತುವೆಯ ನಟ್ಟನಡುವೆ ಕಾರು ಎರಡು ಸಲ ಸೀನಿ ನಿಂತಿತು. ಹಿಂದೆ ಲಾರಿ, ಅದರ ಹಿಂದೆ ಇಡೀ ಊರು, ಊರಿನ ಕೈಯೆಲ್ಲ ಹಾರನ್ನಿನ ಮೇಲೆ. ಅವಳು ಅಣ್ಣನಿಗೆ ಫೋನ್ ಮಾಡಿ, "ಸೇತುವೆ ಮೇಲೆ ನಿಂತ್ಬಿಟ್ಟಿದೆ, ಹಿಂದೆ ಲಾರಿ ಇದೆ, ಚೋಕ್ ಎಳೀಲಾ ಬೇಡ್ವಾ ಬೇಗ ಹೇಳು," ಎಂದಳು. ಅವನು ನಿಶ್ಚಿಂತೆಯಿಂದ, "ಆಯ್ತಾಯ್ತು, ನಿಧಾನಕ್ಕೆ ಬಾ. ನನಗೇನೂ ಅವಸರ ಇಲ್ಲ," ಎಂದು ಫೋನಿಟ್ಟ. ಕಡೆಗೆ ಲಾರಿಯವನೇ ಇಳಿದು ಬಂದು ನೂಕಿ ಬದಿಗೆ ನಿಲ್ಲಿಸಿ, "ಇದನ್ನ ಶೋಕೇಸಲ್ಲಿಡಿ ಅಕ್ಕಾ, ರಸ್ತೆಗೆ ತರಬೇಡಿ," ಎಂದು ಉಪದೇಶ ಮಾಡಿ ಹೋದ. ಲಾರಿಯವನನ್ನು ಅವಳು ಅಂದೇ ಕ್ಷಮಿಸಿದಳು. ಅಣ್ಣನ ಆ 'ಅವಸರ ಇಲ್ಲ' ಮಾತ್ರ ಮುಳ್ಳಿನ ಹಾಗೆ ಒಳಗೇ ಉಳಿಯಿತು.

"ನೀವೇ ಹೇಳಿ," ಎಂದು ಅಣ್ಣ ಈಗ ಗ್ಯಾರೇಜಿನವನನ್ನು ಎಳೆದ. "ಇಂಥಾ ಜೋಡಿ ಕಾರ್ಬುರೇಟರು ಇನ್ನೆಲ್ಲಾದ್ರೂ ನೋಡಿದೀರಾ?"

"ಇಲ್ಲ ಸಾರ್. ಈಗ ಯಾರೂ ಇಟ್ಕೊಳ್ಳೋಲ್ಲ."

"ಕೇಳಿದ್ಯಾ?" ಎಂದು ಇಬ್ಬರೂ ಒಟ್ಟಿಗೆ ಒಬ್ಬರನ್ನೊಬ್ಬರು ಕೇಳಿದರು.

ಗ್ಯಾರೇಜಿನವನು ಇಬ್ಬರಿಗೂ ಸಮಾಧಾನವಾಗುವಂತೆ ವಿವರಿಸಲು ಹೊರಟ. "ನೋಡಿ ಮೇಡಂ, ಕಾರ್ಬುರೇಟರ್ ಅಂದ್ರೆ ಅಡುಗೆಯವನು ಕೈಯಳತೇಲಿ ಉಪ್ಪು ಹಾಕ್ದಂಗೆ. ಇಂಜೆಕ್ಷನ್ ಅಂದ್ರೆ ಪ್ರತಿ ಸಲ ತೂಕ ಮಾಡಿ ಹಾಕ್ದಂಗೆ. ಎಂಜಿನ್ನು ಬಿಸಿ ಇದೆಯಾ, ತಣ್ಣಗಿದೆಯಾ, ಎಲ್ಲಾ ಅದೇ ನೋಡ್ಕೊಳ್ಳುತ್ತೆ. ಯಾರು ಕೀಲಿ ತಿರುಗಿಸಿದ್ರೂ ಸ್ಟಾರ್ಟು."

"ಕೈಯಳತೇದೇ ರುಚಿ," ಎಂದ ಅಣ್ಣ.

"ಕೈ ನೆಟ್ಟಗಿದ್ರೆ," ಎಂದಳು ತಂಗಿ.

"ನನ್ನ ಕೈಗೇನಾಗಿದೆ? ಮೂವತ್ತು ವರ್ಷ ಪ್ರೆಸ್ಸಲ್ಲಿ ಮೆಷಿನ್ ನಡೆಸಿದೀನಿ. ರೋಲರ್ ಒಂದು ಕೂದಲೆಳೆ ಆಚೀಚೆ ಆದ್ರೂ ಸದ್ದಲ್ಲೇ ಹೇಳ್ತಿದ್ದೆ. ನಿನ್ನ ಹಾಗೆ ಗುಂಡಿ ಒತ್ತಿ, ಉಸಿರು ಬಿಗಿ ಹಿಡೀರಿ ಅಂತ ಹೇಳೋ ಕೆಲಸ ಅಲ್ಲ."

ತಂಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ತನ್ನ ಕೆಲಸದ ಬಗ್ಗೆ ಈ ಮಾತನ್ನು ಅವಳು ಎಷ್ಟೋ ಸಲ ಕೇಳಿದ್ದಳು. "ಹಂಗಿದ್ರೆ ಆ ದೊಡ್ಡ ಕೆಲಸ ಇಲ್ಲೇ ಮಾಡಿ ತೋರ್ಸು. ನಮ್ಮೆದುರಿಗೆ ಟ್ಯೂನ್ ಮಾಡು. ಎಂಜಿನ್ನು ಅಲ್ಲಾಡದೆ ನಿಂತು ಓಡಿದ್ರೆ ನಾನು ಬಾಯಿ ಮುಚ್ಕೊಂಡು ಹೋಗ್ತೀನಿ, ಆ ಪೆಟ್ಟಿಗೆ ಇವರಿಗೇ ವಾಪಸ್. ಇಲ್ಲದಿದ್ರೆ ಇಂಜೆಕ್ಷನ್ನು."

"ಮಾತು ಬದಲಾಯಿಸ್ಬಾರ್ದು."

"ಬದಲಾಯಿಸೋದು ನಿನ್ನ ಕಸುಬು, ನಂದಲ್ಲ."

ಅಣ್ಣ ಷರಟಿನ ತೋಳು ಮಡಚಿದ. ಚೀಲದಿಂದ ಮಾರುದ್ದದ ರಬ್ಬರ್ ಟ್ಯೂಬೊಂದನ್ನು ತೆಗೆದು ಒರೆಸಿದ. ಜೋಡಿ ಕಾರ್ಬುರೇಟರಿನ ತೊಡಕೇ ಅದು: ಎರಡೂ ಸಮನಾಗಿ ಗಾಳಿ ಎಳೆಯಬೇಕು, ಇಲ್ಲದಿದ್ದರೆ ಎಂಜಿನ್ನಿಗೆ ನಡುಕ. ಟ್ಯೂಬಿನ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು ಇನ್ನೊಂದನ್ನು ಮೊದಲು ಈ ಕಾರ್ಬುರೇಟರಿನ ಬಾಯಿಗೆ, ಆಮೇಲೆ ಆ ಕಾರ್ಬುರೇಟರಿನ ಬಾಯಿಗೆ ಹಿಡಿದರೆ ಸುಸ್ ಎಂಬ ಸದ್ದು ಬರುತ್ತದೆ. ಎರಡೂ ಕಡೆಯ ಸುಸ್ ಒಂದೇ ಸಮ ಆಗುವ ತನಕ ಸ್ಕ್ರೂ ತಿರುಗಿಸುತ್ತ ಹೋಗುವುದು. ಇದಕ್ಕೆ ಮೀಟರುಗಳು ಬಂದು ಎಷ್ಟೋ ಕಾಲವಾಗಿದೆ. ಅಪ್ಪ ಕಿವಿಯಲ್ಲೇ ಮಾಡುತ್ತಿದ್ದ, ಅಣ್ಣನೂ ಕಿವಿಯಲ್ಲೇ ಮಾಡುವನು. ನೆಂಟರ ಮದುವೆ ಮುಂಜಿಗಳಲ್ಲೆಲ್ಲ ಅವನ ಕಿವಿಯದೇ ಮಾತು. ಅದಕ್ಕೆ ಸರಿಯಾಗಿ ಅವನ ಹೆಂಡತಿಯ ಬಾಯಿಯೂ ಮಾತಿಗೆ ಬರುತ್ತಿತ್ತು: ಅಂಥ ಸೂಕ್ಷ್ಮದ ಮನುಷ್ಯನಿಗೆ ಎಂಥ ಬಜಾರಿ ಗಂಟುಬಿದ್ದಿದ್ದಾಳೆ, ಈಚೀಚೆಗಂತೂ ಉಪ್ಪು ಬೇಕಾ ಎಂದು ಕೇಳಿದರೂ ಬೀದಿಗೆ ಕೇಳಿಸುತ್ತದೆ, ಪಾಪ, ಹೇಗೆ ತಡಕೊಂಡಿದ್ದಾನೋ. ಬಜಾರಿ ಎಂಬ ಮಾತನ್ನು ಮೊದಲು ಚಲಾವಣೆಗೆ ತಂದವಳು ತಂಗಿಯೇ.

ಎಂಜಿನ್ ಸ್ಟಾರ್ಟ್ ಆಯಿತು. ಅಣ್ಣನ ಕೈಗೆ ಅದು ಇನ್ನೂ ಒಲಿದಿತ್ತು. ಆದರೆ ಒಲಿದ ಮೇಲೆ ಜ್ವರ ಬಂದವರಂತೆ ಗಡಗಡ ನಡುಗಿತು. ಬೆಂಚಿನ ಮೇಲಿನ ಸ್ಪ್ಯಾನರುಗಳೂ ಜೊತೆಗೆ ಕಟಕಟ ಎಂದವು. ಅಣ್ಣ ಮಡ್‌ಗಾರ್ಡಿನ ಮೇಲೆ ಬಾಗಿ, ಟ್ಯೂಬನ್ನು ಕಿವಿಗಿಟ್ಟು, ಕಣ್ಣು ಮುಚ್ಚಿದ. ಸ್ಕ್ರೂ ಅರ್ಧ ಸುತ್ತು. ಆ ಕಡೆ ಹಿಡಿದ. ಈ ಕಡೆ ಹಿಡಿದ. ಕಾಲು ಸುತ್ತು. ಅವನ ಮುಖದಲ್ಲಿ ಸಂಗೀತ ಕಛೇರಿಯ ಮೊದಲ ಸಾಲಿನವರ ಕಳೆಯಿತ್ತು.

"ಈಗ ಸಮ ಬಂತು. ನೂಲು ಹಿಡಿದ ಹಾಗೆ," ಎಂದ.

ತಂಗಿ ತಪ್ಪು ಹುಡುಕಲೆಂದೇ ಹತ್ತಿರ ಹೋಗಿ ಬಗ್ಗಿದಳು. ತಪ್ಪು ಸಿಕ್ಕಿತು. ನಿವೃತ್ತಿಯ ನಂತರ ಅಣ್ಣನಿಗೆ ಬಂದಿದ್ದ ಹೊಟ್ಟೆಗೂ ಮಡ್‌ಗಾರ್ಡಿನ ಅಂಚಿಗೂ ನಡುವೆ ಸಿಕ್ಕಿಕೊಂಡು, ಕೆಳಗೆ ಜೋತಿದ್ದ ಟ್ಯೂಬು ಚಪ್ಪಟೆಯಾಗಿತ್ತು. ಅದರೊಳಗೆ ಗಾಳಿಯಾಗಲಿ ಸದ್ದಾಗಲಿ ನುಸುಳುವ ಹಾಗಿರಲಿಲ್ಲ. ಅಣ್ಣ ಆ ಮುಚ್ಚಿದ ಟ್ಯೂಬಿನಲ್ಲಿ ಎರಡು ಕಾರ್ಬುರೇಟರುಗಳನ್ನೂ ಆಲಿಸಿ, ಎರಡೂ ಒಂದೇ ಸಮ ಎಂದು ತೀರ್ಮಾನಿಸಿದ್ದ. ಅವನ ಮಟ್ಟಿಗೆ ಅದು ಸುಳ್ಳೂ ಅಲ್ಲ.

ಅವಳ ಬಾಯಲ್ಲಿ ಮೊದಲು ಬಂದದ್ದು ನಗು. ಹೇಳಿಬಿಡಲು ಉಸಿರೆಳೆದುಕೊಂಡಳು. ಅಷ್ಟರಲ್ಲಿ ಕಾರ್ಬುರೇಟರ್ ಫಟ್ಟೆಂದು ಉಗುಳಿತು. ಗ್ಯಾರೇಜಿನವನು ಬೆಚ್ಚಿದ, ಅವಳೂ ಬೆಚ್ಚಿದಳು. ಅಣ್ಣ ಕಣ್ಣು ಮುಚ್ಚಿಕೊಂಡೇ ಇದ್ದ. ಅವನ ರೆಪ್ಪೆ ಕೂಡ ಮಿಸುಕಲಿಲ್ಲ.

ಅವಳು ಎರಡು ಹೆಜ್ಜೆ ಹಿಂದೆ ಸರಿದು, ಅವನ ಬೆನ್ನ ಹಿಂದೆ ನಿಂತಳು. ಎಂಜಿನ್ನಿನ ಸದ್ದನ್ನು ದಾಟುವಷ್ಟು ಗಟ್ಟಿಯಾಗಿ, "ಅಣ್ಣ, ನಿನ್ನ ಪ್ಯಾಂಟು ಹಿಂದೆ ಹರಿದಿದೆ," ಎಂದಳು.

ಆಚೆ ಬೆಂಚಿನ ಬಳಿಯಿದ್ದ ಗ್ಯಾರೇಜಿನವನ ಕೈ ತಟ್ಟನೆ ತನ್ನ ಪ್ಯಾಂಟಿನ ಹಿಂಬದಿಗೆ ಹೋಯಿತು. ಅಣ್ಣ ಬಗ್ಗಿದ್ದವನು ಬಗ್ಗಿಯೇ ಇದ್ದ. ತೃಪ್ತಿಯಿಂದ ಸ್ಕ್ರೂವನ್ನು ಇನ್ನೊಂದು ಚೂರು ತಿರುಗಿಸಿದ.

ಫಿಲ್ಮಿನಲ್ಲಿ ಏನು ಕಂಡರೂ ಮುಖದಲ್ಲಿ ಕಾಣಬಾರದು ಎಂಬುದು ತಂಗಿಯ ಕೆಲಸದ ಮೊದಲ ಪಾಠ. ರೋಗಿಗಳು ಷರಟಿನ ಗುಂಡಿ ಹಾಕಿಕೊಳ್ಳುತ್ತ, ಏನಿದೆಯಮ್ಮಾ ಅದರಲ್ಲಿ ಎಂದು ಅವಳ ಮುಖವನ್ನೇ ಓದಲು ನೋಡುತ್ತಾರೆ. ಡಾಕ್ಟರನ್ನ ಕೇಳಿ ಎಂದು ಅವಳು ಮುಂದಿನವರನ್ನು ಕರೆಯುತ್ತಾಳೆ. ಈಗಲೂ ಅವಳ ಮುಖದಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲಿ ಪೇರಿಸಿಟ್ಟಿದ್ದ ಟೈರುಗಳಿಗೆ ಒರಗಿದಳು. ಸೇತುವೆಯ ಮೇಲೆ ಫೋನಿನಲ್ಲಿ ಕೇಳಿದ ದನಿ ನೆನಪಾಯಿತು. ಎಷ್ಟು ನಿಶ್ಚಿಂತೆಯ ದನಿ. ಆ ಕಡೆಯವರು ಏನೋ ಹೇಳಿದ್ದಾರೆ, ಏನೆಂದು ಕೇಳಿಸಿಲ್ಲ, ತಂಗಿ ಎಂದು ಫೋನಿನ ಮೇಲೆ ಬಂದಿದೆ, ಭಾನುವಾರ ಬೇರೆ. ಕಾರು ತರುವುದು ತಡ ಎನ್ನುತ್ತಿರಬೇಕು ಎಂದು ಲೆಕ್ಕ ಹಾಕಿ ಒಪ್ಪಿಸಿದ ಉತ್ತರ. ಅತ್ತಿಗೆಯ ಬಾಯಿಯೂ ನೆನಪಾಯಿತು.

ಗ್ಯಾರೇಜಿನವನು ಹತ್ತಿರ ಬಂದಿದ್ದ. ಟ್ಯೂಬನ್ನು ಅವನೂ ನೋಡಿದ. "ಸಾರ್, ಒಂದ್ನಿಮಿಷ, ಆ ಟ್ಯೂಬು..."

"ನೀವು ಸುಮ್ನಿರಿ," ಎಂದಳು ತಂಗಿ.

"ಅಲ್ಲ ಮೇಡಂ, ಅದು..."

"ನಿಮ್ಮನ್ನ ಕೇಳಿದ್ನಾ?"

ಅಣ್ಣ ತಲೆಯೆತ್ತಿದ. ಇಬ್ಬರ ಬಾಯಿಗಳೂ ಆಡಿದ್ದನ್ನು ಕಂಡು ಹುಬ್ಬು ಗಂಟಿಕ್ಕಿದ. "ಏನಂತೆ?"

ಅವಳು ಮುಂದೆ ಬಂದು ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು. "ಚೆನ್ನಾಗಾಗಿದೆ ಅಂದೆ!"

ಕಾರು ಅವರ ಪಕ್ಕದಲ್ಲಿ ಬಾನೆಟ್ಟಿನ ಸಮೇತ ನಡುಗುತ್ತಿತ್ತು. ಅಣ್ಣ ಅದರ ಮೇಲೆ ಒಂದು ಕೈಯಿಟ್ಟ. "ವಯಸ್ಸಾದ ಎಂಜಿನ್ನು, ಅಷ್ಟಿಷ್ಟು ಅಲ್ಲಾಡುತ್ತೆ. ಸದ್ದು ಕೇಳು, ಬೆಣ್ಣೆ. ಒಪ್ಕೊಂಡ್ಯಲ್ಲ?"

"ಒಪ್ಕೊಂಡೆ. ನೀನು ಟ್ಯೂನ್ ಮಾಡಿದ್ದು ಸರಿಯಾಗಿದೆ."

"ಹಂಗಾದ್ರೆ ಆ ಪೆಟ್ಟಿಗೆ ವಾಪಸ್."

"ಇಲ್ಲ," ಎಂದಳು. "ಇಂಜೆಕ್ಷನ್ನೇ ಹಾಕಿಸೋದು."

ಗ್ಯಾರೇಜಿನವನು ಕೈಯಲ್ಲಿದ್ದ ಬಟ್ಟೆಯಿಂದ ಒಣಗಿದ ಕೈಯನ್ನೇ ಒರೆಸಿಕೊಳ್ಳತೊಡಗಿದ. ಅಣ್ಣನಿಗೆ ಅವಳ ತುಟಿಯಿಂದ ಆ ಮಾತು ಪೂರ್ತಿ ತಲುಪಿತ್ತು. ಎಂಜಿನ್ ಆಫ್ ಮಾಡಿದ. ಮಾಡಿ ಕಿರುಚಿದ.

"ಮಾತು ಕೊಟ್ಟಿದ್ಯಲ್ಲೇ ಈಗ!"

"ಕೊಟ್ಟಿದ್ದೆ. ವಾಪಸ್ ತಗೊಂಡೆ."

"ಇವರು ಸಾಕ್ಷಿ!"

"ಇವರು ಏನಕ್ಕೂ ಸಾಕ್ಷಿಯಲ್ಲ," ಎಂದು ಅವಳು ಗ್ಯಾರೇಜಿನವನ ಕಡೆ ನೋಡಿದಳು. ಗ್ಯಾರೇಜಿನವನು ಗೋಡೆಯ ಫ್ಯಾನ್‌ಬೆಲ್ಟುಗಳನ್ನು ನೋಡುತ್ತಿದ್ದ.

"ಹುಟ್ಟಿದಾಗಿಂದ ಹಿಂಗೇ ನೀನು," ಎಂದ ಅಣ್ಣ. ಅವನ ಕತ್ತಿನ ನರ ಉಬ್ಬಿತ್ತು, ಆದರೆ ಕಣ್ಣಲ್ಲಿ ಗೆದ್ದವನ ಹೊಳಪೂ ಇತ್ತು. "ಆಟದಲ್ಲಿ ಸೋತ್ರೆ ಕಾಯೆಲ್ಲ ಚೆಲ್ಲಾಡಿ ಎದ್ದು ಹೋಗ್ತಿದ್ದೆ. ಅಪ್ಪ ನಿನ್ನನ್ನ ತಲೆ ಮೇಲೆ ಕೂರಿಸ್ಕೊಂಡ. ಹಾಕ್ಸು! ಏನು ಬೇಕಾದ್ರೂ ಹಾಕ್ಸು! ನಾನು ಅಡ್ಡ ಬರಲ್ಲ. ಆದ್ರೆ ಅಷ್ಟು ಚೆನ್ನಾಗಿ ಓಡ್ತಿದ್ದ ಗಾಡೀನ ಹಟಕ್ಕೋಸ್ಕರ ಕೆಡಿಸಿದ್ಲು ಅಂತ ನೆಂಟರಿಗೆಲ್ಲ ಹೇಳ್ತೀನಿ. ಮನೆಮನೆಗೆ ಹೋಗಿ ಹೇಳ್ತೀನಿ."

"ಹೇಳು. ನನಗೇನು ಭಯಾನಾ?"

ಅಣ್ಣ ಟ್ಯೂಬನ್ನು ಚೀಲಕ್ಕೆ ತುರುಕಿ, ಚೀಲವನ್ನು ಹೆಗಲಿಗೇರಿಸಿ, ಯಾರನ್ನೂ ನೋಡದೆ ಬೀದಿಗಿಳಿದ. ಅವನ ಪ್ಯಾಂಟು ಎಲ್ಲೂ ಹರಿದಿರಲಿಲ್ಲ. ಹಿಂದೆ ಬಂದ ಆಟೋ ಒಂದು ಅವನಿಗಾಗಿ ಹಾರನ್ ಬಾರಿಸಿತು, ಮತ್ತೆ ಬಾರಿಸಿತು, ಕಡೆಗೆ ತಾನೇ ಸುತ್ತು ಬಳಸಿ ಹೋಯಿತು.

"ಪಂದ್ಯ ನಿಮ್ಮದೇ ಆಗಿತ್ತಲ್ಲ ಮೇಡಂ," ಎಂದ ಗ್ಯಾರೇಜಿನವನು. "ಒಂದು ಮಾತು ಹೇಳಿದ್ರೆ ಮುಗೀತಿತ್ತು."

"ರಿಪೋರ್ಟ್ ಬರೆಯೋದು ನನ್ನ ಕೆಲಸ ಅಲ್ಲ. ನೀವೂ ಬರೀಬೇಡಿ."

"ನಾನೇನು ನೋಡಿದೆ ಮೇಡಂ? ನನಗೇನೂ ಕಾಣಿಸ್ಲಿಲ್ಲ," ಎಂದು ಅವನು ರಟ್ಟಿನ ಪೆಟ್ಟಿಗೆಯ ಟೇಪು ಕೀಳಲು ಶುರುಮಾಡಿದ.

ಅಣ್ಣ ಕೊಟ್ಟ ಮಾತಿಗೆ ತಪ್ಪಲಿಲ್ಲ. ಕಾರು ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಕೂತಿದ್ದಷ್ಟು ದಿನವೂ ಅವನು ನೆಂಟರ ಮನೆಗಳನ್ನು ಒಂದೂ ಬಿಡದೆ ಸುತ್ತಿದ. ಪಂದ್ಯದ ಕಥೆ ಮನೆಯಿಂದ ಮನೆಗೆ ಬೆಳೆಯಿತು. ಒಂದು ಮನೆಯಲ್ಲಿ ಎಂಜಿನ್ನಿನ ಮೇಲೆ ನೀರು ತುಂಬಿದ ಲೋಟ ಇಟ್ಟರೂ ತುಳುಕಲಿಲ್ಲವಂತೆ. ಇನ್ನೊಂದರಲ್ಲಿ ಗ್ಯಾರೇಜಿನವನು ಎದ್ದು ನಿಂತು ಕೈ ಮುಗಿದನಂತೆ. ಚಿಕ್ಕಮ್ಮ ತಂಗಿಗೆ ಫೋನ್ ಮಾಡಿ, "ಹೆಣ್ಣುಮಕ್ಕಳಿಗೆ ಇಷ್ಟು ಹಟ ಒಳ್ಳೇದಲ್ಲ ಕಣೇ," ಎಂದಳು. "ಹೌದು ಚಿಕ್ಕಮ್ಮ, ನಾನು ಸರಿಯಿಲ್ಲ," ಎಂದು ತಂಗಿ ಒಪ್ಪಿಕೊಂಡಿದ್ದರಿಂದ ಚಿಕ್ಕಮ್ಮ ಮಳೆಯ ವಿಷಯ ಕೇಳಿ ಫೋನ್ ಇಟ್ಟುಬಿಟ್ಟಳು.

ಕಾರು ಸಿದ್ಧವಾದ ಮೊದಲ ಭಾನುವಾರ ಅಣ್ಣನ ಪಾಲಿನದು. ತಂಗಿ ತಾನೇ ಗ್ಯಾರೇಜಿನಿಂದ ನಡೆಸಿಕೊಂಡು ಬಂದು ಅವನ ಶೆಡ್ಡಿನಲ್ಲಿ ನಿಲ್ಲಿಸಿದಳು. ದಾರಿಯಲ್ಲಿ ಮೂರು ಕಡೆ ಬೇಕೆಂದೇ ಆಫ್ ಮಾಡಿ, ಮೂರು ಕಡೆಯೂ ಮತ್ತೆ ಸ್ಟಾರ್ಟ್ ಮಾಡಿದ್ದಳು. ಒಂದು ಕಡೆ ಇಳಿದು, ಬೇಡವಾಗಿದ್ದರೂ ಬಾಳೆಹಣ್ಣು ಕೊಂಡಿದ್ದಳು.

ಅಂಗಳದಲ್ಲಿ ಅತ್ತಿಗೆ ಬಟ್ಟೆ ಒಣಹಾಕುತ್ತಿದ್ದಳು. ತಂಗಿ ಹಣ್ಣಿನ ಚೀಲ ಹಿಡಿದು ಅಲ್ಲೇ ನಿಂತಳು.

"ಅತ್ತಿಗೆ, ಎಷ್ಟು ದಿನದಿಂದ?"

"ಏನೆಷ್ಟು ದಿನದಿಂದ?"

"ನೀವು ಗಟ್ಟಿಯಾಗಿ ಮಾತಾಡೋಕೆ ಶುರು ಮಾಡಿ."

ಅತ್ತಿಗೆ ಒಂದು ಟವೆಲನ್ನು ಎರಡು ಸಲ ಕೊಡವಿದಳು. "ಯಾಕೆ? ಬಜಾರಿ ಅಂತ ಹೆಸರಿಟ್ಟಾಯ್ತಲ್ಲ. ಈಗ ಜಾತಕ ಬೇರೆ ಬರೀಬೇಕಾ?" ಎಂದಳು. ಅವಳ ದನಿ ಇಷ್ಟು ತಗ್ಗಿನಲ್ಲಿರಬಹುದೆಂದು ತಂಗಿಗೆ ಮರೆತೇ ಹೋಗಿತ್ತು. ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡು ಅತ್ತಿಗೆ ಮನೆಯ ಕಡೆ ತಿರುಗಿದಳು. ಕ್ಲಿಪ್ ತೆಗೆದು, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ರೀ! ಕಾರು ಬಂದಿದೆ! ಬರ್ತೀರೋ ಇಲ್ವೋ!"

ಅಣ್ಣ ಬಂದ. ಕಾರನ್ನು ಮುಟ್ಟುವುದಿಲ್ಲ ಎಂದು ಊರೆಲ್ಲ ಸಾರಿದ್ದವನು, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡಿದ್ದ. ತಂಗಿಯ ಕೈಯಿಂದ ಕೀಲಿ ತೆಗೆದುಕೊಳ್ಳುವಾಗ ಅವಳ ಬೆರಳಿಗೆ ತಾಕದಂತೆ ಎಚ್ಚರ ವಹಿಸಿದ. ಕೂತ. ಚೋಕ್ ಇದ್ದ ಜಾಗದಲ್ಲಿ ಕೈಯಾಡಿಸಿದ; ಅಲ್ಲಿ ಒಂದು ಪ್ಲಾಸ್ಟಿಕ್ ಬಿರಡೆಯಿತ್ತು. ಕೀಲಿ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡು, ನಡುಕವಿಲ್ಲದೆ, ನಿದ್ದೆಯಲ್ಲಿರುವವರ ಉಸಿರಿನ ಹಾಗೆ ಓಡತೊಡಗಿತು.

ಅಣ್ಣ ಕಾದ. ತಲೆ ವಾಲಿಸಿದ. ಮತ್ತೆ ಕೀಲಿ ತಿರುಗಿಸಿದ.

ಓಡುತ್ತಿರುವ ಎಂಜಿನ್ನಿಗೆ ಸ್ಟಾರ್ಟರ್ ಹಲ್ಲು ತಾಕಿ, ತಗಡು ಸೀಳಿದಂತೆ ಕರ್ರ್ ಎಂದು ಅರಚಿತು. ತಂತಿಯ ಮೇಲಿದ್ದ ಗುಬ್ಬಿಗಳು ಎದ್ದವು. ಎದುರು ಮನೆಯ ಕಿಟಕಿ ತೆರೆಯಿತು. ಅತ್ತಿಗೆಯ ಕೈಯ ಬಟ್ಟೆ ಕೈಯಲ್ಲೇ ನಿಂತಿತು. ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಅಣ್ಣ ಕಿಟಕಿಯಿಂದ ತಲೆ ಹೊರಹಾಕಿದ. ಮುಖ ಅರಳಿತ್ತು. "ನೋಡಿದ್ಯಾ? ನಿನ್ನ ಇಂಜೆಕ್ಷನ್ನು! ಮೊದಲನೇ ಸಲಕ್ಕೆ ಸ್ಟಾರ್ಟೇ ಆಗ್ಲಿಲ್ಲ!"

ತಂಗಿ ಅವನ ಎದುರಿಗೆ ಹೋಗಿ ನಿಂತಳು. "ಆಗಲ್ಲ," ಎಂದಳು ಬಾಯಿ ಪೂರ್ತಿ ತೆರೆದು. "ಇದು ಹಂಗೇ. ಮೊದಲನೇ ಸಲಕ್ಕೆ ಆಗಲ್ಲ."

"ಕಾರ್ಬುರೇಟರ್ ಇದ್ದಿದ್ರೆ ಆಗ್ತಿತ್ತು."

"ಆಗ್ತಿತ್ತು."

"ಈಗ ಒಪ್ಕೊಂಡು ಏನು ಬಂತು, ಮುಠ್ಠಾಳಿ," ಎಂದು ಅವನು ಬಹಳ ಪ್ರೀತಿಯಿಂದಲೋ ಎಂಬಂತೆ ಬೈದು, ಗೇರನ್ನು ಹಿಂದಕ್ಕೆ ಹಾಕಿದ.

ಶೆಡ್ಡಿನಿಂದ ಬೀದಿಗೆ ಹಿಮ್ಮುಖವಾಗಿಯೇ ಇಳಿಯಬೇಕು. ಅತ್ತಿಗೆ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಗೇಟಿಗೆ ಓಡಿ ಎರಡೂ ಬಾಗಿಲು ತೆರೆದಳು. ಬೀದಿಯಲ್ಲಿ ಸ್ಕೂಟರೊಂದು ಹಾರನ್ ಮಾಡುತ್ತ ಬರುತ್ತಿತ್ತು. ತಂಗಿ ಹಣ್ಣಿನ ಚೀಲ ನೆಲಕ್ಕಿಟ್ಟು, ಕಾರಿನ ಹಿಂದೆ ಹೋಗಿ, ಅವನ ಕನ್ನಡಿಯೊಳಗೆ ತಾನು ಬೀಳುವ ತನಕ ಒಂದೊಂದೇ ಹೆಜ್ಜೆ ಎಡಕ್ಕೆ ಸರಿದಳು. ಅವನ ಕಣ್ಣು ಕನ್ನಡಿಯಲ್ಲಿ ಸಿಕ್ಕಿದ ಕೂಡಲೇ ಎರಡು ಅಂಗೈಗಳನ್ನೂ ಎತ್ತಿ ತಡೆದಳು.

"ಕೈ ಯಾಕೆ ಆಡಿಸ್ತೀಯಾ ಪೊಲೀಸಿನವನ ಹಂಗೆ?" ಎಂದು ಅಣ್ಣ ಕೂಗಿದ. "ಬಾಯಿ ಬಿಟ್ಟು ಹೇಳೋಕೇನು ನಿನಗೆ?"

ಅವಳು ಅಂಗೈಗಳನ್ನು ಹಾಗೇ ಹಿಡಿದಿದ್ದಳು. ಸ್ಕೂಟರ್ ದಾಟಿ ಹೋಯಿತು. ಅವಳು ಬೀದಿಯ ಎರಡೂ ಕಡೆ ನೋಡಿ, ಮುಖ ಗಂಟಿಕ್ಕಿಕೊಂಡೇ, ಎರಡೂ ಕೈಗಳಿಂದ ಅವನನ್ನು ನಿಧಾನವಾಗಿ ತನ್ನ ಕಡೆಗೆ ಕರೆಯತೊಡಗಿದಳು.